ದಕ್ಷಿಣಕ್ಕೆ ಚಾಚಿದ ಕೊಂಬೆಗಳು

ಜಪಾನಿನ ವಾಕಯಾಮ ಪ್ರಾಂತ್ಯದಲ್ಲಿ, ಕುಮಾನೊ ಯಾತ್ರೆಯ ಹಳೆಯ ಕಾಲುದಾರಿ ಹಿಡಿದು ಚಿಕತ್ಸುಯು ದಾಟಿ ಏರಿದರೆ ನೊನಾಕ ಎಂಬ ಹಳ್ಳಿ. ಹುಲ್ಲು ಹೊದಿಸಿದ ಚಹಾದ ಮನೆಯ ಹತ್ತಿರವೇ ತ್ಸುಗಿಜಾಕುರ ಓಜಿ ಗುಡಿಯ ಕಲ್ಲುಮೆಟ್ಟಿಲು. ತಲೆ ಎತ್ತಿದವನು ಅಲ್ಲೇ ನಿಂತುಬಿಟ್ಟೆ. ಎರಡೂ ಬದಿಗೆ ಸುಗಿ ಮರಗಳು, ಅಬ್ಬಾ, ಎಂಥ ಮರಗಳು! ಹಳೆಯದಕ್ಕೆ 800 ವರ್ಷ ಎನ್ನುತ್ತಾರೆ. ಒಂದರ ಬುಡದಲ್ಲಿ ಮನುಷ್ಯ ಹೊಕ್ಕು ನಿಲ್ಲುವಷ್ಟು ಪೊಟರೆ. ಹೊಕ್ಕೆ. ಒಳಗೋಡೆ ಒರಟು, ತಣ್ಣಗೆ, ಮಣ್ಣಿನ ವಾಸನೆ.

ಕೊಂಬೆಗಳೆಲ್ಲ ದಕ್ಷಿಣಕ್ಕೇ ಚಾಚಿವೆ. ಪವಿತ್ರವೆನಿಸಿದ ನಾಚಿ ಜಲಪಾತ ಇರುವುದು ಅತ್ತ. ಮರಗಳೂ ಅದಕ್ಕೆ ಕೈ ಚಾಚುತ್ತವೆ ಎಂಬ ನಂಬಿಕೆಯಿದೆ. ಹಿಂದೆ ಗುಡ್ಡದ ನೆರಳು, ಮುಂದೆ ಬಿಸಿಲು ಎಂದು ಲೆಕ್ಕ ಹಾಕಬಹುದು. ಆದರೂ ಆ ಮರಗಳ ಕೆಳಗೆ ನಿಂತವನಿಗೆ ಊರವರ ಮಾತೇ ಹೆಚ್ಚು ನಿಜ ಎನಿಸಿತು. ಮೇಲಿನ ಗುಡಿಯೋ ತೀರ ಪುಟ್ಟದು; ದೇವರು ಮರಗಳಲ್ಲೇ ಇದ್ದಂತೆ. ಹಳೆಯ ಮರದಲ್ಲಿ ಕೊದಾಮ ಎಂಬ ಚೇತನ ನೆಲೆಸಿರುತ್ತದೆ, ಕಡಿದರೆ ಕೇಡು ಎಂದು ಜಪಾನಿನ ಹಳ್ಳಿಗರು ನಂಬಿದ್ದರು. 

ಇಷ್ಟು ಮರಗಳಾದರೂ ಉಳಿದದ್ದಕ್ಕೆ ಜೀವವಿಜ್ಞಾನಿ ಮಿನಾಕತ ಕುಮಾಗುಸುಗೆ ಋಣಿಯಾಗಿರಬೇಕು. 1906ರಲ್ಲಿ ಸರ್ಕಾರ ಸಣ್ಣ ಗುಡಿಗಳನ್ನು ದೊಡ್ಡವುಗಳಲ್ಲಿ ವಿಲೀನಗೊಳಿಸಲು ಹೊರಟಿತು. ದೇಶದಲ್ಲಿ ಸುಮಾರು 70,000 ಗುಡಿಗಳು ಹೋದವು; ಗುಡಿ ಹೋದಲ್ಲಿ ಅದರ ಸುತ್ತಲಿನ ದೇವರಕಾಡು ಮರದ ವ್ಯಾಪಾರಿಯ ಪಾಲು. ಇಲ್ಲಿಯೂ ಕೊಡಲಿ ಬಿತ್ತು. ಇಂದು ನಿಂತಿರುವವು ಹತ್ತಕ್ಕೂ ಕಡಿಮೆ. ಮಿನಾಕತರ ಹೆಸರಿನಲ್ಲೇ ಕರ್ಪೂರದ ಮರವಿದೆ: ಫುಜಿಶಿರೊ ಗುಡಿಯ ಮರದೇವತೆ ಮಗುವನ್ನು ಕಾಯಲೆಂದು ಇಟ್ಟ ಹೆಸರದು. ಲಂಡನ್ನಿನಲ್ಲಿ ಓದಿ ಬಂದ ಅವರು ಗುಡಿಗಳ ವಿಲೀನದ ವಿರುದ್ಧ ಪತ್ರಗಳ ಮೇಲೆ ಪತ್ರ ಬರೆದರು, ಅಧಿಕಾರಿಗಳ ಸಭೆಗೆ ನುಗ್ಗಿ 1910ರಲ್ಲಿ 18 ದಿನ ಬಂಧನದಲ್ಲಿದ್ದರು. ಮರುವರ್ಷವೇ ಇಕಾಲಜಿ ಎಂಬ ಮಾತನ್ನು ಬಳಸಿ, ಕಾಡು ಕಡಿದರೆ ಏನೆಲ್ಲ ಅಳಿಯುತ್ತದೆ ಎಂದು ವಾದಿಸಿದರು.

ಮೆಟ್ಟಿಲಿಳಿಯುವಾಗ ಬಿದ್ದ ಕೊಂಬೆಯೊಂದರ ತೇವದ ತೊಗಟೆಯ ಮೇಲೆ ಹಳದಿಯ ಸಣ್ಣ ಬಲೆ ಕಂಡಿತು. ಬಾಗಿ ನೋಡಿದೆ: ನರಗಳಂತೆ ಕವಲೊಡೆದ ಲೋಳೆ, ಅಂಚಿನಲ್ಲಿ ಬೀಸಣಿಗೆಯಂತೆ ಹರಡಿತ್ತು. ಲೋಳೆಶಿಲೀಂಧ್ರ! ಇದರ ಜಾತಿಯವನ್ನೇ ಮಿನಾಕತರು ಬದುಕಿಡೀ ಹುಡುಕಿದ್ದು. 1929ರಲ್ಲಿ ಚಕ್ರವರ್ತಿ ಹಿರೊಹಿತೊ ಈ ಪ್ರಾಂತ್ಯಕ್ಕೆ ಬಂದಾಗ ಅಂಥ 110 ಮಾದರಿಗಳನ್ನು ಕ್ಯಾರಮೆಲ್ ಮಿಠಾಯಿಯ ಡಬ್ಬಿಗಳಲ್ಲಿಟ್ಟು ಒಪ್ಪಿಸಿದರು.