ಸದ್ದಿಲ್ಲದ ಮಣೆ

ನಮ್ಮ ಮನೆಯಲ್ಲಿ ಮಣೆಗಳಿಗೆ ಬರವಿಲ್ಲ. ಅಜ್ಜಿಯ ಕಾಲದ ಈಳಿಗೆಮಣೆ ಇದೆ, ತುರಿಯುವ ಮಣೆ ಇದೆ, ಹಬ್ಬಕ್ಕೊಮ್ಮೆ ಅಟ್ಟದಿಂದಿಳಿಯುವ ಊಟದ ಮಣೆಗಳಿವೆ. ಇವುಗಳಲ್ಲಿ ಒಂದಾದರೂ ರಿಪೇರಿಗೆಂದು ಅಂಗಡಿಯ ಮೆಟ್ಟಿಲು ಹತ್ತಿದ್ದಿಲ್ಲ. ಮೂರು ತಲೆಮಾರು ಕಂಡ ಈ ಮಣೆಗಳ ನಡುವೆ ಮೂರೇ ವರ್ಷಕ್ಕೆ ಮುಪ್ಪಾದದ್ದು ನನ್ನ ಕೀಲಿಮಣೆ ಮಾತ್ರ. ಕಂಪ್ಯೂಟರಿನ ಕೀಬೋರ್ಡಿಗೆ ನಮ್ಮವರು ಕೊಟ್ಟ ಈ ಹೆಸರು ಕನ್ನಡದ ಮೇಷ್ಟರಾದ ನನಗೆ ಮೊದಲಿನಿಂದಲೂ ಪ್ರಿಯವೇ. ಆದರೆ ಹೆಸರು ಬಂದ ಮಾತ್ರಕ್ಕೆ ಮಣೆಯ ಗುಣವೂ ಬರಬೇಕೆಂದೇನೂ ಇಲ್ಲವಷ್ಟೆ!

ಕೆಟ್ಟದ್ದು ಒಂದೇ ಒಂದು ಕೀಲಿ: 'ಎಫ್'. ಇಂಗ್ಲಿಷ್ ಬರೆಯುವವರಿಗೆ ಅದು ಅಷ್ಟು ದೊಡ್ಡ ನಷ್ಟವಲ್ಲವೇನೋ. ನನ್ನಂಥವನಿಗೆ ಅದೇ ಜೀವಾಳ. ಕೆ. ಪಿ. ರಾವ್ ಅವರು ರೂಪಿಸಿದ, ಮುಂದೆ 'ನುಡಿ' ತಂತ್ರಾಂಶವೂ ಅಳವಡಿಸಿಕೊಂಡ ವಿನ್ಯಾಸದಲ್ಲಿ ಒತ್ತಕ್ಷರ ಮೂಡಬೇಕಾದರೆ ನಡುವೆ ಎಫ್ ಒತ್ತಲೇಬೇಕು. ಅದು ಸತ್ತಿತೆಂದರೆ ಅಪ್ಪ 'ಅಪಪ'ನಾಗುತ್ತಾನೆ, ಅಮ್ಮ 'ಅಮಮ'ಳಾಗುತ್ತಾಳೆ. ಅಣ್ಣ, ಅಕ್ಕ, ಅಜ್ಜ ಯಾರಿಗೂ ಉಳಿಗಾಲವಿಲ್ಲ. ಕೊನೆಗೆ ಕನ್ನಡವೇ 'ಕನನಡ'. ಒಂದು ಸಂಜೆ ಪ್ರಶ್ನಪತ್ರಿಕೆ ತಯಾರಿಸುತ್ತ ಕುಳಿತಿದ್ದಾಗ ರತ್ನತ್ರಯರಲ್ಲಿ ಪಂಪನೊಬ್ಬ ಕ್ಷೇಮವಾಗಿ ಉಳಿದು, ಉಳಿದಿಬ್ಬರು 'ಪೊನನ', 'ರನನ'ರಾಗಿ ನಿಂತರು. ಇನ್ನು ತಡಮಾಡುವಂತಿರಲಿಲ್ಲ.

ಹೊಸದನ್ನು ತರುವುದೆಂದು ತೀರ್ಮಾನವಾದಾಗ ನನ್ನ ಹೆಂಡತಿ ಒಂದೇ ಕಟ್ಟಳೆ ಹಾಕಿದಳು: "ಸದ್ದು ಮಾಡದೇ ಇರೋದನ್ನ ತನ್ನಿ. ಮಾವನವರಿಗೆ ನಿದ್ದೆ ಬೇಡವೇನ್ರೀ?" ನ್ಯಾಯವಾದ ಮಾತು. ಲಕ್ವ ಹೊಡೆದು ಬಲಗೈ ಸೋತ ಮೇಲೆ ಅಪ್ಪ ಊರು ಬಿಟ್ಟು ಬಂದು ನಮ್ಮೊಡನೆ ಇದ್ದಾರೆ. ಅವರ ಮಂಚ ಹಜಾರದಲ್ಲಿ. ನನ್ನ ಮೇಜು ಗೋಡೆಯಾಚೆಗಿನ ಕೋಣೆಯಲ್ಲಿ. ಕಾಲೇಜು, ಮೌಲ್ಯಮಾಪನ, ಮಕ್ಕಳ ಪಾಠ ಎಲ್ಲ ಮುಗಿದು ನನ್ನ ಬರವಣಿಗೆ ಆರಂಭವಾಗುವುದೇ ರಾತ್ರಿ ಹತ್ತರ ಮೇಲೆ. ಸಾಲದ್ದಕ್ಕೆ, ನನಗೆ ಕೀಲಿಗಳನ್ನು ಗುದ್ದಿ ಬರೆಯುವ ಅಭ್ಯಾಸ. ಬಾಗಿಲು ಮುಚ್ಚಿದರೂ ಸದ್ದು ಆಚೆಗೆ ಹೋಗುತ್ತದೆ.

ಈ ಗುದ್ದುವ ಅಭ್ಯಾಸ ಅಪ್ಪನಿಂದಲೇ ಬಂದದ್ದು. ಅವರು ಮೂವತ್ತೈದು ವರ್ಷ ತಾಲ್ಲೂಕು ಕೋರ್ಟಿನ ಎದುರು, ಹೊಂಗೆಯ ಮರದಡಿ ಟೈಪು ಮಾಡಿ ಸಂಸಾರ ನಡೆಸಿದವರು. ಅವರದು ಗೋದ್ರೆಜ್ ಯಂತ್ರ. ಆ ಕಂಪನಿ ತನ್ನ ಮೊದಲ ಟೈಪ್‌ರೈಟರನ್ನು 1955ರಲ್ಲಿ ತಂದು, 2009ರಲ್ಲಿ ಆ ತಯಾರಿಕೆಯನ್ನೇ ನಿಲ್ಲಿಸಿತು. ಅಪ್ಪನಿಗೆ ಪುಟಕ್ಕಿಷ್ಟೆಂದು ಕೂಲಿ. ಶಾಲೆ ಬಿಟ್ಟು ಬರುವಾಗ ದೂರದಿಂದಲೇ ಟಕಟಕ ಕೇಳಿಸಿತೆಂದರೆ ಅಂದು ಸಂಜೆ ಮನೆಗೆ ಅಂಗಡಿ ಸಾಮಾನು ಬರುವುದು ಖಂಡಿತ. ಕೇಳಿಸದ ದಿನ ಅಮ್ಮನ ಮುಖ ನೋಡಲು ನಮಗೆ ಧೈರ್ಯ ಸಾಲುತ್ತಿರಲಿಲ್ಲ.

ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಯೊಂದರ ಹುಡುಗ ನನಗೆ ಪಾಠವನ್ನೇ ಮಾಡಿದ. ಅಗ್ಗದ ಕೀಬೋರ್ಡುಗಳಲ್ಲಿ ಕೀಲಿಯಡಿ ಇರುವುದು ರಬ್ಬರಿನ ಪುಟ್ಟ ಗುಮ್ಮಟ. ಹೊಸತರಲ್ಲಿ ಸದ್ದು ಕಡಿಮೆ, ಆಯಸ್ಸೂ ಕಡಿಮೆ. ತಯಾರಕರು ಸಾಮಾನ್ಯವಾಗಿ ಹೇಳುವುದು ಕೀಲಿಯೊಂದಕ್ಕೆ 50 ಲಕ್ಷದಿಂದ 1 ಕೋಟಿ ಒತ್ತು. ಮೆಕ್ಯಾನಿಕಲ್ ಎಂಬ ಜಾತಿಯಲ್ಲಿ ಪ್ರತಿ ಕೀಲಿಗೂ ಅದರದೇ ಸ್ಪ್ರಿಂಗು, ಅದರದೇ ಸ್ವಿಚ್ಚು. ಅದರ ಲೆಕ್ಕ 5 ಕೋಟಿಯ ಆಸುಪಾಸು. ದಿನಕ್ಕೆ ಎರಡು ಸಾವಿರ ಸಲ ಎಫ್ ಒತ್ತಿದರೂ 50 ಲಕ್ಷ ತೀರಲು ಸುಮಾರು ಏಳು ವರ್ಷ ಬೇಕಲ್ಲ, ನನ್ನದೇಕೆ ಮೂರಕ್ಕೇ ಹೋಯಿತು ಎಂದು ನಾನು ವಾದ ಹೂಡಿದೆ. "ಕಾಫಿ ಚೆಲ್ಲಿತ್ತಾ ಸಾರ್?" ಎಂದ. ನಾನು ಮಾತು ಬದಲಿಸಿದೆ.

ಸ್ವಿಚ್ಚುಗಳನ್ನು ಗುರುತಿಸುವುದು ಬಣ್ಣದಿಂದ. ನೀಲಿಯದು ಒತ್ತಿದಾಗಲೆಲ್ಲ ಚಿಟಿಕೆ ಹೊಡೆಯುತ್ತದೆ. ಕೆಂಪು ತಡೆಯಿಲ್ಲದೆ ನೇರವಾಗಿ ಇಳಿಯುತ್ತದೆ. ಕಂದು ನಡುದಾರಿಯಲ್ಲಿ ಬೆರಳಿಗೊಂದು ಸಣ್ಣ ಉಬ್ಬು ತಗುಲಿಸುತ್ತದೆ. ಇವಲ್ಲದೆ ಒಳಗೆ ಮೆತ್ತೆಯಿಟ್ಟ ನಿಶ್ಶಬ್ದದ ಸ್ವಿಚ್ಚುಗಳೂ ಉಂಟು. ಅವುಗಳಲ್ಲಿಯೂ ನೇರ ಇಳಿಯುವವು, ಉಬ್ಬಿರುವವು ಎಂದು ಎರಡು ಬಗೆ. ನಾನು ಉಬ್ಬಿರುವುದನ್ನು ಆರಿಸಿದೆ. ಅಕ್ಷರ ಬಿತ್ತೆಂಬುದು ಬೆರಳಿಗೆ ತಿಳಿಯಬೇಕು, ಪಕ್ಕದ ಕೋಣೆಗೆ ತಿಳಿಯಬಾರದು. ಕೀಲಿಗಳ ಟೋಪಿ ಬೇಗನೆ ಸವೆದು ಹೊಳಪೇರದ ಪಿಬಿಟಿ ಪ್ಲಾಸ್ಟಿಕ್ಕಿನದು. ಒಂದು ಸ್ವಿಚ್ಚು ಕೆಟ್ಟರೆ ಅದೊಂದನ್ನೇ ಕಿತ್ತು ಬೇರೆಯದನ್ನು ಕೂರಿಸಬಹುದು. ಬೆಲೆಯನ್ನು ಮಾತ್ರ ಈಳಿಗೆಮಣೆಯ ಎದುರು ಹೇಳುವಂತಿಲ್ಲ.

ಮೊದಲ ರಾತ್ರಿ ನಾಲ್ಕು ಪುಟ ಬರೆದೆ. ಕೆಲಸ ಮುಗಿಸಿ ಎದ್ದಾಗ ಮನೆಯೆಲ್ಲ ನಿಶ್ಶಬ್ದ. ಒಳ್ಳೆಯ ಮಗನೆಂಬ ಹೆಮ್ಮೆಯಿಂದ ಮಲಗಿದೆ.

ಬೆಳಿಗ್ಗೆ ಕಾಫಿ ಕುಡಿಸುವಾಗ ಅಪ್ಪ, "ರಾತ್ರಿ ಏನೂ ಬರೀಲಿಲ್ವೇನೋ?" ಎಂದರು.

"ಬರೆದೆನಪ್ಪ. ನಿಮಗೆ ಕೇಳಿಸದೇ ಇರಲಿ ಅಂತಲೇ ಇದನ್ನು ತಂದದ್ದು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಈಗ ಅವರಿಗೆ ಕಷ್ಟವಾಗಿರುವ ಮಾತನ್ನು ಒಂದೊಂದಾಗಿ ಕೂಡಿಸಿಕೊಂಡು, "ಕೇಳಿಸಬಾರದು ಅಂತ ನಾನು ಯಾವಾಗ ಅಂದೆ?" ಎಂದರು.

ಆಗ ಒಂದೊಂದೇ ಹೊರಗೆ ಬಂತು. ನಾನು ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚಂತೆ. ಒಂದೇ ಕೀಲಿ ಒಂದೇ ಸಮನೆ ಬಡಿದುಕೊಳ್ಳುವುದರಿಂದ ಅವರಿಗೆ ತಿಳಿಯುತ್ತಿತ್ತಂತೆ. ಹಿಂದಿನ ವಾರ ಒಂದು ರಾತ್ರಿ ಅರ್ಧ ಗಂಟೆ ಕೈ ನಿಂತುಹೋಗಿತ್ತಲ್ಲ, ಏನು ತೊಡಕಾಗಿತ್ತು ಎಂದು ವಿಚಾರಿಸಿದರು. ನಾನು ಏನು ಬರೆಯುತ್ತೇನೆಂದು ಅಪ್ಪ ಎಂದೂ ಕೇಳಿದವರಲ್ಲ. ಬರೆಯುವುದನ್ನು ಮಾತ್ರ ಪ್ರತಿ ರಾತ್ರಿಯೂ ಕೇಳುತ್ತಿದ್ದರು. ಬಣ್ಣ, ಬೆಲೆ, ಬಾಳಿಕೆ ಎಲ್ಲವನ್ನೂ ಅಂಗಡಿಯಲ್ಲಿ ವಿಚಾರಿಸಿದ ನಾನು, ಹಜಾರದಲ್ಲಿ ಮಲಗಿದ್ದವರನ್ನು ಒಂದು ಮಾತು ವಿಚಾರಿಸಿರಲಿಲ್ಲ.

ಅದೃಷ್ಟಕ್ಕೆ, ಎಷ್ಟೇ ನಿಶ್ಶಬ್ದದ ಕೀಲಿಮಣೆಯಾದರೂ ಉದ್ದನೆಯ ಸ್ಪೇಸ್ ಬಾರ್ ಪೂರ್ತಿಯಾಗಿ ಬಾಯಿ ಮುಚ್ಚಿಕೊಂಡಿರುವುದಿಲ್ಲ. ಅದನ್ನು ಸಮವಾಗಿ ಇಳಿಸಲು ಅಡಿಯಲ್ಲೊಂದು ತಂತಿಯುಂಟು. ಒತ್ತಿದಾಗ ಅದು ತುಸು ಗಿಲಕುಟ್ಟುತ್ತದೆ. ಈಗ ನಾನು ಬಾಗಿಲು ತೆರೆದಿಟ್ಟು ಬರೆಯುತ್ತೇನೆ. ಅಪ್ಪನಿಗೆ ಅಕ್ಷರಗಳು ಕೇಳಿಸುವುದಿಲ್ಲ, ಪದಗಳು ಕೇಳಿಸುತ್ತವೆ. "ನಿನ್ನೆ ನೂರಾಹತ್ತರವರೆಗೆ ಎಣಿಸಿದೆ, ಆಮೇಲೆ ನಿದ್ದೆ ಬಂತು" ಎನ್ನುತ್ತಾರೆ.

ಆ ತಂತಿಗೆ ಒಂದಿಷ್ಟು ಗ್ರೀಸ್ ಹಚ್ಚಿದರೆ ಈ ಸದ್ದೂ ನಿಲ್ಲುತ್ತದೆಂದು ಹೇಳಿ ಅಂಗಡಿಯ ಹುಡುಗ ಪುಟ್ಟ ಡಬ್ಬಿಯೊಂದನ್ನು ಕೊಟ್ಟಿದ್ದ. ಅದು ಮೇಜಿನ ಡ್ರಾಯರಿನಲ್ಲಿದೆ. ಮುಚ್ಚಳ ಇನ್ನೂ ತೆಗೆದಿಲ್ಲ.