ಯಜಮಾನನಿಗೂ ತೆರೆಯದ ಬೀಗ

ಬದುಕಿನ ಬಹುಭಾಗ ಹಾಜರಿ ರಿಜಿಸ್ಟರನ್ನು ಹಿಡಿದ ನನಗೆ, ಗಣಕದ ಪ್ರೊಸೆಸರಿನೊಳಗೂ ರಿಜಿಸ್ಟರುಗಳಿವೆಯೆಂದು ತಿಳಿದದ್ದು ಮೊಮ್ಮಗನಿಂದ. ಅವನು ಎಂಜಿನಿಯರಿಂಗ್ ವಿದ್ಯಾರ್ಥಿ. ಪ್ರೊಸೆಸರು ತನಗೆ ಬೇಕಾದ ಮಾಹಿತಿಯನ್ನು ಸಮೀಪದ ಕ್ಯಾಶ್ ಸ್ಮೃತಿಯಲ್ಲಿ ಕಾಣದೆ ಎಷ್ಟು ಬಾರಿ ದೂರ ಹೋಗುತ್ತದೆಂಬುದನ್ನು ಅವನು ಎಣಿಸಬೇಕಿತ್ತು. ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ, ರೂಟ್ ಅಧಿಕಾರವಿದ್ದರೂ, ಅವನ ಉಪಕರಣಕ್ಕೆ ದೊರೆತ ಉತ್ತರ ಒಂದೇ: ಅನುಮತಿಯಿಲ್ಲ.

"ತಾತ, ಸೆಕ್ಯೂರ್ ಬೂಟ್ ಆಫ್ ಮಾಡಿಬಿಡೋಣ, ಎರಡು ನಿಮಿಷದ ಕೆಲಸ" ಎಂದ. ಆ ಯಂತ್ರದಲ್ಲಿ ನನ್ನ ಪಿಂಚಣಿಯ ಕಾಗದಗಳಿವೆ, ಬ್ಯಾಂಕಿನ ವ್ಯವಹಾರವಿದೆ, ಅವನ ಅಜ್ಜಿಯ ಕಡೆಯ ಚಿತ್ರಗಳಿವೆ. ಕಾರಣ ತಿಳಿಯದೆ ಬೀಗ ತೆಗೆಯುವುದು ಬೇಡವೆಂದೆ.

ವಿಚಾರಿಸಿದಾಗ ತಿಳಿದದ್ದಿಷ್ಟು. ಯಂತ್ರ ಆರಂಭವಾಗುವಾಗ ಸಹಿಯಿಲ್ಲದ ಕರ್ನೆಲನ್ನು ಫರ್ಮ್‌ವೇರ್ ಒಳಬಿಡದಿರುವುದೇ ಸೆಕ್ಯೂರ್ ಬೂಟ್. ಆದರೆ ಒಳಗೆ ಬಂದ ಮೇಲೆ ರೂಟ್ ಬಳಕೆದಾರನು ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಮನಬಂದಂತೆ ಬರೆಯಬಹುದಾದರೆ ಬಾಗಿಲ ಕಾವಲು ವ್ಯರ್ಥ. ಅದಕ್ಕೆಂದೇ 2019ರ ಲಿನಕ್ಸ್ 5.4ರಲ್ಲಿ 'ಲಾಕ್‌ಡೌನ್' ಸೇರಿತು. ಉಬುಂಟು, ಫೆಡೋರಾಗಳಲ್ಲಿ ಸೆಕ್ಯೂರ್ ಬೂಟ್ ಇದ್ದರೆ ಅದು ತಾನಾಗಿಯೇ ಜಾರಿಯಾಗುತ್ತದೆ.

ಅದು ತಡೆಯುವುದು ರಿಜಿಸ್ಟರನ್ನು ಓದುವುದನ್ನಲ್ಲ, ಅದರಲ್ಲಿ ಬರೆಯುವುದನ್ನು. ಬರಿದೇ ನೋಡಬಯಸುವ ಉಪಕರಣಕ್ಕೆ ತೊಡಕೇಕೆ? ಏನನ್ನು ಎಣಿಸಬೇಕೆಂದು ಎಣಿಕೆಯ ರಿಜಿಸ್ಟರಿಗೆ ಮೊದಲು ಬರೆದು ತಿಳಿಸಬೇಕು. ನೋಡುವುದಕ್ಕೂ ಮುನ್ನ ಬರೆಯಲೇಬೇಕು!

ಈ ಭಯ ಕಲ್ಪಿತವಲ್ಲ. ವೋಲ್ಟೇಜನ್ನು ನಿಯಂತ್ರಿಸುವ ಒಂದು ರಿಜಿಸ್ಟರಿಗೆ ಬರೆದು, ಇಂಟೆಲ್ ಪ್ರೊಸೆಸರಿನ ಎಸ್‌ಜಿಎಕ್ಸ್ ಎಂಬ ರಕ್ಷಿತ ಕೋಶದೊಳಗಿನ ಗುಪ್ತ ಕೀಲಿಗಳನ್ನು ಹೊರತೆಗೆಯಬಹುದೆಂದು 'ಪ್ಲಂಡರ್‌ವೋಲ್ಟ್' ಸಂಶೋಧಕರು 2019ರ ಡಿಸೆಂಬರಿನಲ್ಲಿ ತೋರಿಸಿದರು.

ಮೊಮ್ಮಗನಿಗೆ ದಾರಿ ದೊರೆಯಿತು. 'ಪರ್ಫ್' ಎಂಬ ಉಪಕರಣದಲ್ಲಿ ನಾವು ಬೇಡಿಕೆಯನ್ನಷ್ಟೇ ಸಲ್ಲಿಸುತ್ತೇವೆ. ಕರ್ನೆಲ್ ಅದನ್ನು ಪರಿಶೀಲಿಸಿ ರಿಜಿಸ್ಟರಿನಲ್ಲಿ ತಾನೇ ಬರೆಯುತ್ತದೆ. ಕೀಲಿ ಗುಮಾಸ್ತನ ಕೈಯಲ್ಲೇ ಉಳಿಯಿತು, ಲೆಕ್ಕವೂ ಸಿಕ್ಕಿತು. ವೋಲ್ಟೇಜು ಬದಲಿಸುವಂತಹ ಪ್ರಯೋಗಗಳಿಗೆ ಮಾತ್ರ ಈ ದಾರಿ ಸಾಲದು. ಅಮೂಲ್ಯವಾದುದೇನೂ ಇಲ್ಲದ ಬೇರೊಂದು ಯಂತ್ರದಲ್ಲಿ, ತಿಳಿದೇ ಬೀಗ ತೆಗೆಯಬೇಕು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ಅಧಿಕಾರಸ್ಥಾನಗಳಲ್ಲಿದ್ದೀರಿ. ಯಜಮಾನನ ಹೆಸರಿನಲ್ಲಿ ಕಳ್ಳನೂ ಬರಬಹುದೆಂಬುದನ್ನು ಬಲ್ಲ ವ್ಯವಸ್ಥೆ ಯಜಮಾನನನ್ನೂ ಪ್ರಶ್ನಿಸುತ್ತದೆ. ಅದನ್ನು ಅವಮಾನವೆಂದು ಎಣಿಸಬೇಡಿರಿ. ಅಡ್ಡಬಂದ ನಿಯಮವನ್ನು ಕಿತ್ತೊಗೆಯುವ ಮುನ್ನ ಅದು ಯಾರನ್ನು ಕಾಯುತ್ತಿದೆಯೆಂದು ಒಮ್ಮೆ ವಿಚಾರಿಸಿರಿ.