ಅಲ್ಲಿ ಚಟ್ನಿಯೆಂದರೆ ಹಾಡು

ನನ್ನ ತಂಗಿಯ ಮಗನಿಗೆ ಟ್ರಿನಿಡಾಡಿನಲ್ಲಿ ಉದ್ಯೋಗ ದೊರೆತ ವಾರ್ತೆ ಬಂದ ಮರುದಿನವೇ ಅವನು ನಾಲ್ಕು ಪುಟದ ಪಟ್ಟಿಯೊಂದನ್ನು ಹಿಡಿದುಕೊಂಡು ನಮ್ಮ ಮನೆಯ ಜಗಲಿಯ ಮೇಲೆ ಬಂದು ಕುಳಿತನು. ಆ ದ್ವೀಪದಲ್ಲಿ ನಾನು ಐದು ವರ್ಷಗಳನ್ನು ಕಳೆದು ಬಂದವನಾದುದರಿಂದ ನಮ್ಮ ಬಂಧುವರ್ಗದೊಳಗೆ ಆ ವಿಷಯದಲ್ಲಿ ನನಗೊಂದು ಪೀಠಾಧಿಪತ್ಯವು ತಾನಾಗಿಯೇ ಪ್ರಾಪ್ತವಾಗಿಬಿಟ್ಟಿದೆ. ವೆಸ್ಟ್ ಇಂಡೀಸ್ ಎಂಬ ಮಾತು ಯಾರ ಬಾಯಿಂದ ಹೊರಟರೂ, ಅದು ಬರಿಯ ಕ್ರಿಕೆಟ್ಟಿನ ಪ್ರಸ್ತಾಪವೇ ಆಗಿದ್ದರೂ, ಎಲ್ಲರೂ ಒಮ್ಮೆ ನನ್ನ ಮುಖವನ್ನು ನೋಡುತ್ತಾರೆ. "ಮಾವ, ಮೊದಲು ಇದು ಹೇಳಿ. ಮಿಕ್ಸಿ ತಗೊಂಡು ಹೋಗಲೋ, ಬೇಡವೋ?" ಎಂದನು. ಒಳಗಿನಿಂದ ನನ್ನ ಹೆಂಡತಿ ಗಟ್ಟಿಯಾಗಿ ನಕ್ಕ ಸದ್ದು ಕೇಳಿಸಿತು.

ಆ ನಗೆಗೆ ಒಂದು ಪೂರ್ವಕಥೆಯುಂಟು. ನಾವು ಹೊರಟಾಗ, ಬಟ್ಟೆಬರೆಗಳ ತೂಕವನ್ನು ತಗ್ಗಿಸಿ, ಹೊಸ ಮಿಕ್ಸಿಯೊಂದನ್ನು ಮೂರು ಜಾರುಗಳ ಸಮೇತವಾಗಿ, ಮಗುವನ್ನು ಹೊದ್ದಿಸುವಂತೆ ಕಂಬಳಿಯಲ್ಲಿ ಸುತ್ತಿ ಕೊಂಡೊಯ್ದಿದ್ದೆವು. ಅಲ್ಲಿಯ ಗೋಡೆಯಲ್ಲಿ ಹರಿಯುವ ವಿದ್ಯುತ್ತು 115 ವೋಲ್ಟು, ನಮ್ಮದು 230. ಪ್ಲಗ್ಗಿನ ಕಾಲು ಚಪ್ಪಟೆಯೆಂಬುದನ್ನು ಬಲ್ಲವರೊಬ್ಬರು ಹೇಳಿದ್ದರಿಂದ ಅಡಾಪ್ಟರನ್ನೇನೋ ಒಯ್ದಿದ್ದೆವು. ಅದು ಕಾಲಿನ ಆಕಾರವನ್ನು ಬದಲಿಸುವುದೇ ಹೊರತು ವಿದ್ಯುತ್ತಿನ ಕಸುವನ್ನಲ್ಲ ಎಂಬ ಶಾಸ್ತ್ರವು ಮಾತ್ರ ನಮ್ಮ ಅರಿವಿಗೆ ಬಂದಿರಲಿಲ್ಲ. ಮೊದಲ ಶನಿವಾರ ಉದ್ದು ನೆನೆಸಿ, ಶುಭಮುಹೂರ್ತದಲ್ಲಿ ಗುಂಡಿಯನ್ನು ತಿರುಗಿಸಿದಾಗ, ಆ ಯಂತ್ರವು ಗಾಣಕ್ಕೆ ಕಟ್ಟಿದ ಮುದಿ ಎತ್ತಿನಂತೆ ಒಮ್ಮೆ ನರಳಿ, ಅರ್ಧ ಸುತ್ತು ಸುತ್ತಿ ನಿಂತುಕೊಂಡಿತು. ದೊಡ್ಡ ಯಂತ್ರಗಳಿಗೆಂದು ಕೆಲವು ಮನೆಗಳಲ್ಲಿ 230ರ ತಂತಿಯೂ ಇರುತ್ತದೆ. ನಮ್ಮ ಬಾಡಿಗೆಮನೆಯಲ್ಲಿ ಇರಲಿಲ್ಲ. ಕಡೆಗೆ ಮಿಕ್ಸಿಯ ಬೆಲೆಗಿಂತ ಹೆಚ್ಚು ಕೊಟ್ಟು, ಎತ್ತಿದರೆ ಸೊಂಟ ಹಿಡಿಯುವಂಥ ಟ್ರಾನ್ಸ್‌ಫಾರ್ಮರೊಂದನ್ನು ತಂದದ್ದಾಯಿತು. ಹಿಟ್ಟು ಹುದುಗುವ ವಿಷಯದಲ್ಲಿ ಮಾತ್ರ ಆ ನಾಡು ನಮ್ಮನ್ನು ನಿರಾಶೆಗೊಳಿಸಲಿಲ್ಲ. ಆ ಸೆಕೆಯಲ್ಲಿ ರಾತ್ರಿ ಮುಚ್ಚಿಟ್ಟ ಪಾತ್ರೆ ಬೆಳಗಾಗುವ ಮೊದಲೇ ತನ್ನ ಮುಚ್ಚಳವನ್ನು ತಾನೇ ಎತ್ತಿಕೊಂಡಿರುತ್ತಿತ್ತು.

ಹುಡುಗನಿಗೆ ನಾನು ಹೇಳಬೇಕೆಂದಿದ್ದುದು ಮಿಕ್ಸಿಯ ಮಾತಲ್ಲ. ತೀರ ಅಪರಿಚಿತವಾದ ದೇಶಕ್ಕೆ ಹೋದವನು ಹೆಜ್ಜೆಯನ್ನು ನೋಡಿ ಇಡುತ್ತಾನೆ. ಟ್ರಿನಿಡಾಡಿಗೆ ಹೋದ ಭಾರತೀಯನಾದರೋ ಎಲ್ಲವೂ ಪರಿಚಿತವೆಂಬ ಭ್ರಾಂತಿಯಿಂದ ದಡದಡನೆ ನಡೆದು ಎಡವುತ್ತಾನೆ. ವಿಸ್ತಾರದಲ್ಲಿ ನಮ್ಮ ಮಂಡ್ಯ ಜಿಲ್ಲೆಗಿಂತ ತುಸು ಕಿರಿದಾಗಿ, ಮಂಡ್ಯದ ಹಾಗೆಯೇ ಒಂದು ಕಾಲಕ್ಕೆ ಕಬ್ಬನ್ನೇ ನಂಬಿ ಬದುಕಿದ್ದ ಆ ದ್ವೀಪಕ್ಕೆ, 1845ನೆಯ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಇನ್ನೂರಕ್ಕೂ ಮಿಕ್ಕ ಭಾರತೀಯ ಕೂಲಿಗಳನ್ನು ತಂದಿಳಿಸಿತು. ಅಂದಿನಿಂದ 1917ರವರೆಗೆ, ಬಹುಪಾಲು ಕಲ್ಕತ್ತೆಯಿಂದಲೂ ಸ್ವಲ್ಪಮಟ್ಟಿಗೆ ಮದರಾಸಿನಿಂದಲೂ, ಸುಮಾರು 1,44,000 ಮಂದಿ ಕರಾರಿಗೆ ಹೆಬ್ಬೆಟ್ಟೊತ್ತಿ ಅಲ್ಲಿಗೆ ಹೋದರು. ಅವರೊಡನೆ ಅವರ ಮಾತುಗಳೂ ಹಡಗು ಹತ್ತಿದುವು. ಅಜ್ಜಿಗೆ ನಾನಿ, ಬದನೆಗೆ ಬೈಂಗನ್, ಸೊಪ್ಪಿಗೆ ಭಾಜಿ, ಜೀರಿಗೆಗೆ ಗೀರಾ. ಬೇಳೆಗೆ ಒಗ್ಗರಣೆ ಹಾಕುವುದಕ್ಕೆ ಚೌಂಕ್ ಎಂಬುದರಿಂದ ಹುಟ್ಟಿದ 'ಚುಂಕೆ' ಎಂಬ ಕ್ರಿಯಾಪದವನ್ನು ಅವರು ಇಂಗ್ಲಿಷಿನೊಳಗೇ ಸಲೀಸಾಗಿ ಬಳಸುವುದನ್ನು ಕೇಳಿದಾಗ ನಮ್ಮ ಹೃದಯ ಉಬ್ಬುತ್ತದೆ. ಆದರೆ ಹಡಗಿನಿಂದಿಳಿದ ಮಾತು ಅಲ್ಲಿಯ ನೀರು ಕುಡಿದು ಬೆಳೆದಿದೆ. ನೆರೆಮನೆಯವರು ಬಂದು ಶುಕ್ರವಾರ ರಾತ್ರಿ ಚಟ್ನಿಯಿದೆ, ಬನ್ನಿ ಎಂದು ಕರೆದಾಗ, ನನ್ನ ಹೆಂಡತಿ, ಬರಿಗೈಯಲ್ಲಿ ಹೋಗಬಾರದೆಂದು ಇಡ್ಲಿ ಮಾಡಿಕೊಂಡು ಹೊರಟಳು. ಹೋಗಿ ನೋಡಿದರೆ ಢೋಲಕ್, ಹಾರ್ಮೋನಿಯಂ, ಢಂಟಾಲ್ ಎಂಬ ಕಬ್ಬಿಣದ ಸಲಾಕೆ, ಸೊಂಟ ತಿರುಗಿಸಿ ಕುಣಿಯುತ್ತಿರುವ ಮುದುಕ ಮುದುಕಿಯರು! ಅಲ್ಲಿ ಚಟ್ನಿಯೆಂದರೆ ಹಾಡು. ಲೈಮ್ ಎಂದರೆ ನಿಂಬೆಯೇ ಆಗಬೇಕಿಲ್ಲ. ನಾಲ್ಕು ಜನ ಸೇರಿ ಯಾವ ಘನಕಾರ್ಯವನ್ನೂ ಮಾಡದೆ ಹರಟುತ್ತ ಕೂರುವುದಕ್ಕೂ ಅದೇ ಹೆಸರು. ಇಡ್ಲಿಗಳು ಖರ್ಚಾದುವೆಂಬುದನ್ನೂ ಹೇಳಿಬಿಡಬೇಕು.

ಇದೇ ಬಗೆಯ ಇನ್ನೊಂದು ಪ್ರಮಾದ ನನ್ನಿಂದಲೇ ನಡೆಯಿತು. ನಾವು ಮನೆ ಸೇರಿದ ಮೂರನೆಯ ದಿನ, ಸಂಜೆ ಏಳರ ಹೊತ್ತಿಗೆ, ಎದುರುಮನೆಯ ವೃದ್ಧರು ಗೇಟಿನ ಬಳಿ ಬಂದು ನಿಂತು "ಗುಡ್ ನೈಟ್" ಎಂದರು. ಮಲಗುವ ಮುನ್ನ ಹೊಸಬರಿಗೆ ಶುಭ ಕೋರಲು ಬೀದಿ ದಾಟಿ ಬಂದ ಈ ಸಜ್ಜನರು ಎಂಥವರು ಎಂದು ಮನಸ್ಸಿನಲ್ಲೇ ಕೊಂಡಾಡಿ, ನಾನೂ ಕೈಯೆತ್ತಿ "ಗುಡ್ ನೈಟ್" ಎಂದು, ಬಾಗಿಲು ಹಾಕಿಕೊಂಡು ಒಳಗೆ ಹೋದೆ. ಕಿಟಕಿಯಿಂದ ನೋಡಿದರೆ ಅವರು ಅಲ್ಲಿಯೇ ನಿಂತಿದ್ದಾರೆ. ಕೈಯಲ್ಲಿ ಒಂದು ಚೀಲ ಮಾವಿನಹಣ್ಣು. ಕತ್ತಲಾದ ಮೇಲೆ ಅಲ್ಲಿ ಭೇಟಿಯಾದವರು ಆಡುವ ಮೊದಲ ಮಾತೇ ಗುಡ್ ನೈಟ್ ಎಂಬುದೂ, ನಮ್ಮವರು ಬಾಗಿಲಲ್ಲಿ ನಿಂತು 'ನಮಸ್ಕಾರ, ಇದ್ದೀರಾ?' ಎನ್ನುವುದಕ್ಕೆ ಅದು ಸಮನೆಂಬುದೂ ಅವರು ಎರಡನೆಯ ಸಲ, ಈ ಬಾರಿ ತುಸು ಗಡುಸಾಗಿ, ಕೂಗಿದ ಮೇಲೆ ನನಗೆ ಹೊಳೆಯಿತು.

ವಂದನೆಯ ವಿಷಯದಲ್ಲಿ ಆ ಜನ ಬಹು ನಿಷ್ಠುರರು. ಅಂಗಡಿಗೆ ಹೋಗಲಿ, ವೈದ್ಯರ ಮನೆಯಲ್ಲಿ ಕಾಯುತ್ತ ಕೂತವರ ನಡುವೆ ಹೋಗಲಿ, ಬಾಡಿಗೆ ಮೋಟಾರಿನಲ್ಲಿ ನಾಲ್ಕನೆಯವನಾಗಿ ತೂರಿಕೊಳ್ಳಲಿ, ಮೊದಲು ಗುಡ್ ಮಾರ್ನಿಂಗ್, ಆಮೇಲೆ ಉಳಿದದ್ದು. ಕಚೇರಿಯೊಂದರ ಕಿಟಕಿಯಲ್ಲಿ ತಲೆಯಿಟ್ಟು, ಬೆಂಗಳೂರಿನ ಅಭ್ಯಾಸಬಲದಿಂದ, "ಫಾರಂ ಎಲ್ಲಿ ಸಿಕ್ಕುತ್ತದೆ?" ಎಂದು ಕೇಳಿದೆ. ಅಲ್ಲಿದ್ದ ಹೆಂಗಸು ಕಾಗದದಿಂದ ತಲೆಯೆತ್ತಿ, ನನ್ನನ್ನು ಒಂದು ಗೋಡೆಯನ್ನು ನೋಡುವ ಹಾಗೆ ನೋಡಿ, ಸಾವಕಾಶವಾಗಿ, ಅಕ್ಷರ ಅಕ್ಷರವಾಗಿ, "ಗುಡ್... ಮಾರ್ನಿಂಗ್" ಎಂದಳು. ಎರಡನೆಯ ತರಗತಿಯಲ್ಲಿ ಮೇಷ್ಟರ ಮುಂದೆ ಮಗ್ಗಿ ತಪ್ಪಿದಾಗ ಆಗಿದ್ದ ಅವಮಾನವು ಮೂವತ್ತು ವರ್ಷಗಳ ಮೇಲೆ ಮರಳಿ ಬಂದಂತಾಯಿತು. ನಾನು ತಪ್ಪನ್ನು ತಿದ್ದಿಕೊಂಡು ವಂದಿಸಿದೊಡನೆಯೇ ಫಾರಂ ದೊರೆಯಿತು. ಅದರ ಜೊತೆಗೆ ಯಾವ ಸಾಲನ್ನು ಖಾಲಿ ಬಿಡಬೇಕು, ಯಾವ ದಿನ ಬಂದರೆ ಜನ ಕಡಿಮೆ ಎಂಬ ಉಪದೇಶವೂ ದೊರೆಯಿತು.

ಕಾಗದಪತ್ರಗಳ ವಿಷಯವನ್ನು ನಾನು ಅವನಿಗೆ ಬೇಗ ಮುಗಿಸಿ ಹೇಳಿದೆ. ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ನಡುವೆ ಅಮೆರಿಕದಲ್ಲಿ ಇಳಿದೇರುವುದಾದರೆ, ಎರಡೇ ಗಂಟೆಯಾದರೂ, ಅದರ ವೀಸಾ ಬೇಕು. ಉದ್ಯೋಗದ ಪರವಾನಗಿಯನ್ನು ಕೆಲಸ ಕೊಡುವವರೇ ಅರ್ಜಿ ಹಾಕಿ ತೆಗೆಯತಕ್ಕದ್ದು. 12 ತಿಂಗಳಿಗೊಮ್ಮೆ 30 ದಿನಗಳ ಮಟ್ಟಿಗೆ ಪರವಾನಗಿಯಿಲ್ಲದೆ ಕೆಲಸ ಮಾಡಲು ಅವಕಾಶವಿದೆಯೆಂಬುದನ್ನು ನಂಬಿಕೊಂಡು ಸಂಸಾರವನ್ನು ಸಾಗಿಸಲಾಗದು. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ 10 ದಿನ ಮೊದಲೇ ಹಾಕಿಸಿಕೊಂಡು ಆ ಹಳದಿ ಪುಸ್ತಕವನ್ನು ಜೋಪಾನವಾಗಿಡಬೇಕು, ಏಕೆಂದರೆ ಅಲ್ಲಿಂದ ಮರಳುವಾಗ ಅದಿಲ್ಲದವನನ್ನು ನಮ್ಮ ಸರ್ಕಾರವೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸೈನಿಕರ ಮಾಟದ ಹಸುರು ಮಚ್ಚೆಯ ಬಟ್ಟೆಯನ್ನು ನಾಗರಿಕರು ತೊಡುವುದು ಅಲ್ಲಿ ಅಪರಾಧ. ಹುಡುಗ ಆಗ ತೊಟ್ಟಿದ್ದ ಚಡ್ಡಿ ಅದೇ ಆಗಿತ್ತಾದ್ದರಿಂದ ಈ ಮಾತು ಅವನ ಮನಸ್ಸಿಗೆ ಚೆನ್ನಾಗಿ ನಾಟಿತು. ಬ್ಯಾಂಕಿನ ಕಥೆ ಬೇರೆ. ಖಾತೆ ತೆರೆಯಲು ಮನೆಯ ವಿಳಾಸಕ್ಕೆ ಪ್ರಮಾಣವಾಗಿ ವಿದ್ಯುತ್ ಬಿಲ್ಲು ತನ್ನಿರೆಂದರು. ಬಿಲ್ಲು ನನ್ನ ಹೆಸರಿಗೆ ಬರಬೇಕಾದರೆ ಮನೆ ಹಿಡಿಯಬೇಕು. ಮನೆಯೊಡೆಯರು ಮುಂಗಡವನ್ನು ಬ್ಯಾಂಕಿನ ಚೆಕ್ಕಿನಲ್ಲಿ ಕೊಡಿರೆಂದರು. ಈ ಬೀಜವೃಕ್ಷನ್ಯಾಯದಲ್ಲಿ ನಾನು ಆರು ವಾರ ಸುತ್ತಿದೆ. ಊರಿನ ಬ್ಯಾಂಕಿನಿಂದ ಒಂದು ಪರಿಚಯಪತ್ರವನ್ನೂ, ಸಂಸ್ಥೆಯಿಂದ ನೇಮಕಪತ್ರವನ್ನೂ ಮೊಹರು ಸಮೇತ ಒಯ್ದರೆ ಸುತ್ತು ಕಡಿಮೆಯಾದೀತು. ಅಮೆರಿಕದ ಡಾಲರು ಅಲ್ಲಿಯ ಬ್ಯಾಂಕುಗಳಲ್ಲಿ ಬೇಕೆಂದಾಗ ಬೇಕಾದಷ್ಟು ಸಿಕ್ಕುವುದಿಲ್ಲವಾದ್ದರಿಂದ, ಊರಿಗೆ ಹಣ ಕಳಿಸಬೇಕಾದವನು ಸಂಬಳದ ಒಂದು ಪಾಲನ್ನು ಡಾಲರಿನಲ್ಲಿಯೇ ಕೊಡುವಂತೆ ಮೊದಲೇ ಮಾತಾಡಿಕೊಳ್ಳುವುದು ಕ್ಷೇಮ.

ಮನೆ ನೋಡಲು ಹೋದಾಗ ಬಾಡಿಗೆಯನ್ನು ಆಮೇಲೆ ಕೇಳು, ಮೊದಲು ಹಿತ್ತಿಲಿಗೆ ಹೋಗಿ ನೀರಿನ ಟ್ಯಾಂಕನ್ನು ನೋಡು ಎಂದು ಅವನಿಗೆ ಎರಡು ಸಲ ಹೇಳಿದೆ. ವರ್ಷದಲ್ಲಿ ಏಳು ತಿಂಗಳು ಮಳೆ ಸುರಿಯುವ ದ್ವೀಪದಲ್ಲಿ ನೀರಿಗೆ ತತ್ವಾರವೇ ಎಂದು ಅವನು ನಕ್ಕನು. ಮಳೆ ಸುರಿಯುವುದು ಬೇರೆ, ನಲ್ಲಿಯಲ್ಲಿ ಬರುವುದು ಬೇರೆ ಎಂಬುದನ್ನು ಕಾವೇರಿಯ ನೀರಿಗಾಗಿ ನಡುರಾತ್ರಿ ಎದ್ದು ಕೂತ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯೂ ಅನೇಕ ಬಡಾವಣೆಗಳಿಗೆ ಸರದಿಯ ಮೇಲೆ ನೀರು. ಮನೆಮನೆಯ ಪಕ್ಕದಲ್ಲೂ ಕರಿಯ ಟ್ಯಾಂಕುಗಳು ಕಾವಲುಗಾರರಂತೆ ನಿಂತಿರುತ್ತವೆ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು, ಅಂಗಳದಲ್ಲಿ ನಾಯಿ. ಕಳ್ಳರ ಭಯ, ಅದಕ್ಕಿಂತ ಹೆಚ್ಚಿನ ಭಯ ಕೂಡ, ಅಲ್ಲಿ ಕಲ್ಪನೆಯದಲ್ಲ. ಯಾವ ಬೀದಿಗೆ ಯಾವ ಹೊತ್ತಿನ ಮೇಲೆ ಹೋಗಬಾರದೆಂಬುದನ್ನು ನೆರೆಯವರು ಹೇಳಿದರೆ ಅದನ್ನು ವಾದಿಸದೆ ಒಪ್ಪಿಕೊಳ್ಳತಕ್ಕದ್ದು. ಬಿರುಗಾಳಿಗಳು ಸಾಮಾನ್ಯವಾಗಿ ಆ ದ್ವೀಪದ ಉತ್ತರಕ್ಕೆ ಹಾದುಹೋಗುತ್ತವೆ. ಜನವರಿಯಿಂದ ಮೇವರೆಗಿನ ಒಣಗಾಲದಲ್ಲಿ ಪೂಯಿ ಎಂಬ ಮರಗಳು ಎಲೆಯುದುರಿಸಿ ಮೈತುಂಬ ಹೂ ಬಿಡುತ್ತವೆ, ಅದರ ಗುಲಾಬಿ ಬಣ್ಣದ ಜಾತಿಯನ್ನು ಕಂಡು ನನ್ನ ಹೆಂಡತಿ "ನಮ್ಮ ಬೆಂಗಳೂರಿನ ಮರ ಇಲ್ಲಿಗೂ ತಂದಿದ್ದಾರೆ!" ಎಂದು ಸಂಭ್ರಮಪಟ್ಟಳು. ತಬೂಬಿಯವು ಆ ಸೀಮೆಯಿಂದಲೇ ನಮ್ಮ ಬೀದಿಗಳಿಗೆ ಬಂದದ್ದೆಂದು ಹೇಳಿ ಅವಳ ಸಂತೋಷವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಓಡಾಟಕ್ಕೆ ಮ್ಯಾಕ್ಸಿ ಎಂಬ ವ್ಯಾನುಗಳು. ಮೈಮೇಲಿನ ಪಟ್ಟೆಯ ಬಣ್ಣದಿಂದಲೇ ಅವುಗಳ ದಾರಿ ತಿಳಿಯುತ್ತದೆ: ಹಳದಿಯದು ಪೋರ್ಟ್ ಆಫ್ ಸ್ಪೇನ್ ನಗರದ ಸುತ್ತ, ಕೆಂಪಿನದು ಪೂರ್ವಕ್ಕೆ, ಹಸುರಿನದು ದಕ್ಷಿಣದ ಸಾನ್ ಫರ್ನಾಂಡೊ ಕಡೆಗೆ. ಟ್ಯಾಕ್ಸಿಯೆಂಬುದು ನಮ್ಮ ಟ್ಯಾಕ್ಸಿಯಲ್ಲ. ಗೊತ್ತಾದ ದಾರಿಯಲ್ಲಿ ಸಿಕ್ಕಿದವರನ್ನು ತುಂಬಿಕೊಂಡು ಹೋಗುವ ಕಾರು. ನಂಬರು ಫಲಕದ ಮೊದಲಕ್ಷರ ಎಚ್ ಇದ್ದರೆ ಬಾಡಿಗೆಗೆ ಸನ್ನದು ಪಡೆದದ್ದೆಂದು ಅರ್ಥ. ಪಿ ಇದ್ದರೆ ಸ್ವಂತದ ಗಾಡಿ. ಅಂಥವೂ ಬಾಡಿಗೆಗೆ ಓಡುತ್ತವೆ, ಊರಿಗೆ ಊರೇ ಹತ್ತುತ್ತದೆ, ಆದರೆ ಅದು ಕಾನೂನಿಗೆ ಹೊರತಾದದ್ದು.

ಬೆಳಗಿನ ಆರಕ್ಕೇ ರಸ್ತೆಯ ಬದಿಯಲ್ಲಿ ಡಬಲ್ಸ್ ಮಾರುವವನ ಸುತ್ತ ಜನ ಮುತ್ತಿರುತ್ತಾರೆ. ಅರಿಶಿನ ಬೆರೆತ, ಅಂಗೈಯಗಲದ ಎರಡು ಮೆತ್ತನೆಯ ಬಾರಾ, ನಡುವೆ ಬೆಂದ ಕಡಲೆ, ಮೇಲೆ ಸೌತೆಕಾಯಿ, ಹುಣಿಸೆಯ ಗೊಜ್ಜು. ಕಾಗದದ ಮೇಲೆ ಇಟ್ಟು ಕೈಗೆ ಕೊಟ್ಟರೆ, ನಿಂತಲ್ಲಿಯೇ, ಅಂಗಿಗೆ ಸೋರದಂತೆ ಮುಂದಕ್ಕೆ ಬಾಗಿ ತಿನ್ನುವ ವಿದ್ಯೆಯನ್ನು ವಾರದೊಳಗೆ ಕಲಿಯಬಹುದು. ಪೆಪ್ಪರ್ ಬೇಕೆ ಎಂದು ಕೇಳುತ್ತಾನೆ. ಅದು ಮೆಣಸಲ್ಲ, ಮೆಣಸಿನಕಾಯಿಯ ರಸ. ಬ್ಯಾಡಗಿಯ ಹೆಮ್ಮೆಯಿಂದ ಧಾರಾಳವಾಗಿ ಹಾಕು ಎಂದ ಕನ್ನಡಿಗನೊಬ್ಬನು ಆ ದಿನವೆಲ್ಲ ಮಾತಾಡಲಿಲ್ಲ. ಆ ಕನ್ನಡಿಗ ನಾನೇ. 'ಸ್ಲೈಟ್' ಎಂದರೆ ಸಾಕು.

ಶಗ್ವಾನಸ್ ಊರಿನ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಮುದುಕನೊಬ್ಬನು ನನ್ನನ್ನು ಎಲ್ಲಿಯವನೆಂದು ಕೇಳಿದನು. ಇಂಡಿಯಾ ಎಂದೆ, ಅದು ಗೊತ್ತಾಗುತ್ತದೆ, ಎಲ್ಲಿ ಎಂದನು. ಬೆಂಗಳೂರು ಎಂದೊಡನೆ ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟು, "ವಿಶ್ವನಾಥ್!" ಎಂದು, ಮಣಿಕಟ್ಟನ್ನು ಮಾತ್ರ ತಿರುಗಿಸಿ, ಇಲ್ಲದ ಬ್ಯಾಟಿನಿಂದ ಇಲ್ಲದ ಚೆಂಡನ್ನು ಸ್ಕ್ವೇರ್ ಕಟ್ ಮಾಡಿದನು. 1976ರ ಏಪ್ರಿಲಿನಲ್ಲಿ ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ ನಾಲ್ಕನೆಯ ಸರದಿಗೆ 403 ಓಟ ಬೇಕಾಗಿ, ಭಾರತವು ನಾಲ್ಕೇ ವಿಕೆಟ್ಟಿಗೆ 406 ಮಾಡಿ ಗೆದ್ದ ದಿನ ಅವನು ಅಲ್ಲಿದ್ದನಂತೆ. ಗಾವಸ್ಕರರ 102ನ್ನು ಅವನು ಅಲ್ಲಗಳೆಯಲಿಲ್ಲ. ಆದರೆ ವಿಶ್ವನಾಥರ 112, ಅದೂ ರನ್ ಔಟ್ ಆಗಿ ಮುಗಿದದ್ದು, ಇನ್ನೂ ಅವನ ಕಣ್ಣಿಗೆ ಕಟ್ಟಿತ್ತು. ಕಡೆಯಲ್ಲಿ ಬ್ರಿಜೇಶ್ ಪಟೇಲರು 49ಕ್ಕೆ ಔಟಾಗದೆ ಉಳಿದದ್ದನ್ನೂ ಮರೆಯದೆ ಹೇಳಿದನು. ನಾನು ಆ ಪಂದ್ಯದ ವಿವರವನ್ನು ಅಷ್ಟು ಬಲ್ಲವನಲ್ಲವೆಂಬುದನ್ನು ಅವನಿಂದ ಮರೆಮಾಚಲು ಬಹಳ ಕಷ್ಟಪಟ್ಟೆ. ಎರಡು ಕಟ್ಟು ಸೊಪ್ಪಿಗೆ ಅವನು ದುಡ್ಡು ತೆಗೆದುಕೊಳ್ಳಲಿಲ್ಲ.

ಇಂಥ ಪ್ರೀತಿಯನ್ನು ಕಂಡಾಗಲೇ ನಮ್ಮವರ ತಲೆ ತಿರುಗುವುದು. ತಾವು ಮೂಲಪ್ರತಿ, ಅಲ್ಲಿಯವರು ನಕಲು ಎಂಬ ಭಾವ ನಾಲಿಗೆಯ ತುದಿಗೆ ಬಂದುಬಿಡುತ್ತದೆ. ಒಬ್ಬರ ಮನೆಯಲ್ಲಿ ಚೂರುಚೂರಾಗಿ ಹರಿದ, ಪದರಪದರದ ರೊಟ್ಟಿಯನ್ನು ಬಡಿಸಿ, 'ಬಸ್ ಅಪ್ ಶಟ್', ಎಂದರೆ ಹರಿದ ಅಂಗಿ, ಎಂದು ಹೆಸರು ಹೇಳಿದಾಗ, ನಾನು ಪಂಡಿತನಂತೆ, "ಇದರ ಸರಿಯಾದ ಹೆಸರು ಪರಾಠ" ಎಂದೆ. ಮನೆಯೊಡತಿಗೆ ಎಪ್ಪತ್ತು ಮೀರಿತ್ತು. "ನಮ್ಮ ಅಜ್ಜಿಯ ತಾಯಿ ಹಡಗಿನಲ್ಲಿ ಇದನ್ನು ತಲೆಯಲ್ಲಿಟ್ಟುಕೊಂಡು ಬಂದಳು. ನೀವು ಏನು ತಂದಿರಿ?" ಎಂದು ನಗುತ್ತಲೇ ಕೇಳಿದಳು. ಕಂಬಳಿಯಲ್ಲಿ ಸುತ್ತಿದ್ದ ಮಿಕ್ಸಿಯು ನನ್ನ ಕಣ್ಣ ಮುಂದೆ ಬಂತು. ಅಲ್ಲಿ ವಾಟರ್ಲೂ ಎಂಬ ಕಡಲತೀರದ ಹಳ್ಳಿಯಲ್ಲಿ ಸೇವದಾಸ್ ಸಾಧು ಎಂಬ ಕೂಲಿಯವನು ಸಕ್ಕರೆ ಕಂಪನಿಯ ನೆಲದಲ್ಲಿ ಗುಡಿ ಕಟ್ಟಿದನೆಂದು ಅದನ್ನು ಕೆಡವಿ ಅವನನ್ನು ಸೆರೆಗೆ ಹಾಕಿದ್ದರು. ಹೊರಗೆ ಬಂದವನು ನೆಲದ ತಂಟೆಯನ್ನೇ ಬಿಟ್ಟು, ಸೈಕಲ್ಲಿನ ಮೇಲೆ ಕಲ್ಲು ಹೇರಿ ಹೇರಿ ಸಮುದ್ರದೊಳಗೆ ದಾರಿ ಹಾಕಿ, ವರ್ಷಗಟ್ಟಲೆ ಒಬ್ಬನೇ ದುಡಿದು ನೀರಿನ ನಡುವೆ ಗುಡಿಯೆಬ್ಬಿಸಿದನು. ಅಲ್ಲಿಂದ ಅನತಿದೂರದ ಕಾರಾಪಿಚೈಮಾದಲ್ಲಿ ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮಿಗಳು ಸ್ಥಾಪಿಸಿದ ದತ್ತಾತ್ರೇಯ ದೇವಾಲಯವೂ 85 ಅಡಿ ಎತ್ತರದ ಹನುಮಂತನೂ ಇವೆ. ಅಲ್ಲಿ ದಾಕ್ಷಿಣಾತ್ಯ ಶಿಲ್ಪವನ್ನು ನೋಡಿ ಕಣ್ಣು ತುಂಬಿ ಬರುವುದು ನಿಜ. ಆದರೂ ಯಾರಾದರೂ ಬಂದರೆ ನಾನು ಮೊದಲು ಕರೆದುಕೊಂಡು ಹೋಗುತ್ತಿದ್ದುದು ಸಾಧುವಿನ ಗುಡಿಗೆ.

"ಮಾವ, ಸಾಮಾನು ಹಡಗಿನಲ್ಲಿ ಫೆಬ್ರವರಿಯಲ್ಲಿ ಬರುತ್ತದೆ" ಎಂದನು ಹುಡುಗ. ಕಾರ್ನಿವಲ್ಲಿನ ದಿನ ಯಾವುದೆಂದು ಪಂಚಾಂಗ ನೋಡಿಕೊ ಎಂದೆ. ಆ ಸೋಮವಾರವೂ ಮಂಗಳವಾರವೂ ಸರ್ಕಾರದ ಕಾಗದದಲ್ಲಿ ರಜೆಯಲ್ಲ. ಆದರೆ ಸೋಮವಾರ ನಸುಕಿನಲ್ಲಿಯೇ ಮೈಗೆ ಕೆಸರು ಬಳಿದುಕೊಂಡು ಬೀದಿಗಿಳಿದ ನಗರದಲ್ಲಿ ನಿನ್ನ ಪೆಟ್ಟಿಗೆಗೆ ಮೊಹರು ಹಾಕುವವನನ್ನು ಎಲ್ಲಿ ಹುಡುಕುತ್ತೀಯೆ? ಉಳಿದ ದಿನಗಳಲ್ಲಿಯೂ 'ಜಸ್ಟ್ ನೌ' ಎಂದವನು ಈಗಲೇ ಬರುವನೆಂದು ಬಾಗಿಲಲ್ಲಿ ನಿಲ್ಲಬೇಡ. ನಮ್ಮ ಊರಿನ ಬಡಗಿ 'ಇಗೋ ಬಂದೆ' ಎಂದು ಹೇಳಿ ಹೋದದ್ದಕ್ಕೆ ಎಷ್ಟು ಅರ್ಥವೋ ಅದಕ್ಕೂ ಅಷ್ಟೇ.

ಹುಡುಗ ಎಲ್ಲವನ್ನೂ ಬರೆದುಕೊಂಡು, ಮಿಕ್ಸಿಯನ್ನು ಪಟ್ಟಿಯಿಂದ ಹೊಡೆದುಹಾಕಿ, ಹೊರಟು ಹೋದನು. ಒಂದು ತಿಂಗಳು ಸುದ್ದಿಯಿಲ್ಲ. ಮೊನ್ನೆ ಬೆಳಿಗ್ಗೆ ಐದೂವರೆಗೆ, ಹಾಲಿನವನೂ ಬರುವುದಕ್ಕೆ ಮೊದಲೇ, ಫೋನು ಬಡಿದುಕೊಂಡಿತು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಅವನಿಗೆ ಹಿಂದಿನ ದಿನದ ರಾತ್ರಿ ಎಂಟು.

"ಗುಡ್ ನೈಟ್, ಮಾವ" ಎಂದನು.

ನನಗೆ ಬಹಳ ಸಂತೋಷವಾಯಿತು. "ಗುಡ್ ನೈಟ್ ಕಣೋ, ಮನೆ ಹೇಗಿದೆ?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. "ಮನೆ ಚೆನ್ನಾಗಿದೆ, ಮಾವ. ಗಾಳಿ, ಬೆಳಕು, ಎಲ್ಲ ಇದೆ. ಮೂರು ದಿನದಿಂದ ನೀರು ಬಂದಿಲ್ಲ. ಟ್ಯಾಂಕ್ ನೋಡೋದು ಮರೆತುಬಿಟ್ಟೆ. ಮಾಲೀಕರನ್ನ ಕೇಳಿದೆ, ಜಸ್ಟ್ ನೌ ಅಂದರು."